ಬೊಂಬಾಯಿಯಿಂದ ಬಂದ ಸೈಕಲ್ ಶೂ

“ಹಲೋ... ಹಲೋ, ಯಾರ್ ಮಾತಾಡೂದ್? ...ಯಾರ್? ...ಹಾಂ, ಬೊಂಬಾಯಿ ಅಂದ್ ಗೊತ್ತಾಯ್ತ್. ಬೊಂಬಾಯಿಂದ ಯಾರ್?”

ಬೈಂದೂರಿನ ಅಂಚೆ ಕಚೇರಿಯಲ್ಲಿ ಪ್ರಭಾವತಿ ಒಂದು ಕಿವಿಗೆ ಬೆರಳು ತುರುಕಿ, ಇನ್ನೊಂದು ಕಿವಿಗೆ ರಿಸೀವರ್ ಒತ್ತಿಕೊಂಡು ನಿಂತಿದ್ದಳು. ಆರೋಗ್ಯ ಕೇಂದ್ರದ ನರ್ಸಮ್ಮ ಅವಳು. ಸರಕಾರ ಕೊಟ್ಟ ಸೈಕಲ್ಲಿನಲ್ಲಿ ಊರೂರು ತಿರುಗಿ ಹೆರಿಗೆ ಮಾಡಿಸುವವಳು. ಹಿಂದಿನ ದಿನ ಬಿದ್ದು ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದಳು. ಬೊಂಬಾಯಿಯ ಟ್ರಂಕ್ ಕಾಲ್ ಎಂದು ಪೋಸ್ಟ್ ಮಾಸ್ಟರ್ ಶೇಖರ ಹೇಳಿಕಳಿಸಿದ್ದರಿಂದ ಕುಂಟುತ್ತಲೇ ಓಡಿಬಂದಿದ್ದಳು.

“...ಅಣ್ಣಯ್ಯನಾ? ಗಂಟ್ಲ್ ಎಂತ ಆಯ್ತ್ ನಿಂಗೆ? ಬಾವಿಯೊಳಗಿಂದ ಮಾತಾಡ್ದಾಂಗೆ ಕೇಣತ್ತ್. ...ಹಾಂ, ಶೂ ಬಂತ್. ಹೋದ ವಾರವೇ ಬಂತ್. ...ಹ್ಯಾಂಗಿತ್ತಾ? ಪೆಟ್ಟಿಗಿ ಚಂದ ಇತ್ತ್. ...ನಗ್ಯಾಡ್ಬೇಡ. ಉಪಯೋಗಕ್ಕೆ ಬಿದ್ದದ್ದ್ ಅದೊಂದೇ. ಹತ್ತಿ, ಬಟ್ಟಿ ಹಾಕಿಟ್ಟಿದೆ.”

ಜೋಡು ಬೇಕೆಂದು ಬರೆದವಳು ಅವಳೇ. ವರ್ಷಕ್ಕೆ ನಾಲ್ಕು ಚಪ್ಪಲಿ ಹರಿಯುತ್ತಿದ್ದವು. ಸೈಕಲ್ ತುಳಿಯಲು ಆಗುವಂಥ, ಬಾಳಿಕೆ ಬರುವಂಥ ಜೋಡು ಸಿಕ್ಕಿದರೆ ಕಳಿಸು ಎಂದು ಕಾಗದ ಹಾಕಿದ್ದಳು. ಬೊಂಬಾಯಿಯಲ್ಲಿ ಹೋಟೆಲು ನಡೆಸುವ ಅಣ್ಣ ಲೀಲಾಧರ ಅಂಗಡಿಗೆ ಹೋಗಿ ಸೈಕಲ್ ಶೂ ಕೊಡಿ ಎಂದ. ಅಂಗಡಿಯವನು ರೇಸಿನವರು ಹಾಕುವ ಕರಿ ಚರ್ಮದ ಬಿಗಿ ಜೋಡನ್ನು ಕಟ್ಟಿಕೊಟ್ಟ. ಅದರ ಅಟ್ಟೆಯಡಿ, ರೇಸ್ ಸೈಕಲ್ಲಿನ ಪೆಡಲಿಗೆ ಕಚ್ಚಿ ಕೂರಲಿ ಎಂದು ಒಂದು ತಗಡಿನ ಪಟ್ಟಿ ಹೊಡೆದಿದ್ದರು. ಪ್ರಭಾವತಿಯ ಸೈಕಲ್ಲಿನ ರಬ್ಬರ್ ಪೆಡಲಿಗೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ.

“...ರೇಸಿನವ್ರ್ ಹಾಕೂದಾ? ಹೌದ್ ಮಾರಾಯ, ನಾ ಹೆರಿಗೆ ಮನಿಗೆ ರೇಸಿಗಾ ಹೋಪುದ್? ...ಅಂಗಡಿಯವ ಹೇಳ್ದನಾ? ಅವ ಎಷ್ಟ್ ಮೈಲಿ ತುಳ್ದಿದ್ದ, ಕೇಂಡ್ಯಾ? ...ಮೆತ್ತಗಿತ್ತ್ ಅಂದ್ ಬೆರಳಂಗೆ ಒತ್ತಿ ಕಂಡ್ಯಾ! ಎಂತ, ಮಾವಿನ ಹಣ್ಣಾ ಅದ್?”

“...ಕೇಣ್ ಇಲ್ಲಿ. ನಂಗೆ ಹೊಸ್ತಿಲ ಹೆರಗೆ ಕಳ್ಚಿ ಒಳಗೆ ಹೋಯ್ಕ್. ದಿನಕ್ಕೆ ಹತ್ತ್ ಮನಿ. ನಿನ್ನ ಶೂ ಲೇಸಿಗೆ ಆರ್ ಜೊತಿ ತೂತ್. ಅದನ್ನ್ ಬಿಚ್ಚಿ ಮುಗಿಸೂದ್ರೊಳಗೆ ಮಗು ಹುಟ್ಟಿ ಶಾಲಿಗೆ ಹೋತ್ತ್!”

ಮುದ್ರೆ ಒತ್ತುತ್ತಿದ್ದ ಶೇಖರ ತಲೆ ತಗ್ಗಿಸಿ ನಕ್ಕ.

“...ಹಾಯ್ಕಂಡೆ, ಹಾಯ್ಕಂಡೆ. ನಿನ್ನೆ ಹಾಯ್ಕಂಡೇ ಹೋದ್ದ್. ಉಪ್ಪುಂದದ ಹಾದಿಯಂಗೆ, ಮೋರಿ ಹತ್ರ, ಎದ್ರಿಗೆ ಬಸ್ ಬಂತ್. ಕಾಲ್ ಊರ್ದೆ. ಆ ತಗಡ್ ಟಾರ್ ಮೇಲೆ ಸುಂಯ್ ಅಂದ್ ಜಾರ್ತ್. ನಾ ಒಂದ್ ಬದಿ, ಸೈಕಲ್ ಒಂದ್ ಬದಿ, ಚೀಲ ಮೋರಿಯೊಳಗೆ. ...ಮುರಿಲಿಲ್ಲ, ಮಂಡಿ ತರ್ಚಿತ್. ...ಮತ್ತೆಂತ ಮಾಡೂದ್? ಎರಡೂ ಕಳ್ಚಿ ಹ್ಯಾಂಡ್ಲಿಗೆ ನೇತ್ಹಾಕಿ ಬರಿಗಾಲಂಗೆ ತುಳ್ದೆ. ಪೆಡ್ಲಿನ ರಬ್ಬರ್ ಸವ್ದ್ ಕಂಬಿ ಹೆರಗೆ ಬಂದಿತ್ತ್, ಅಂಗಾಲ್ ಕೊಯ್ತ್.”

“...ಹಾಂ? ...ಇದಕ್ಕೇ ಹೇಳೂದ್ ಅಂದ್ರೆ? ...ಕೆಲ್ಸ ಬಿಡೂದಾ? ಶೂ ಸಮ ಇಲ್ದಿದ್ರೆ ಶೂ ಬದ್ಲ್ ಮಾಡ್ತ್ರ್ ಅಣ್ಣಯ್ಯ, ಕಾಲ್ ಕಡ್ಕಂತ್ರಾ?”

ಅವಳ ದನಿ ಗಟ್ಟಿಯಾಯಿತು. ಕೆಲಸ ಬಿಡು ಎಂಬ ಮಾತು ಅಣ್ಣನ ಕಾಗದದಲ್ಲಿ ಎರಡು ಸಲ ಬಂದಿತ್ತು. ಎರಡು ಸಲವೂ ಅವಳು ಉತ್ತರ ಬರೆದಿರಲಿಲ್ಲ. ಈಗ ಬಾಯಲ್ಲೇ ಬಂತು.

“...ಯಾರ್ ನಗ್ಯಾಡೂದ್? ಬೊಂಬಾಯಿಯಂಗೆ ಕೂಕಂಡ್ ನಮ್ಮೂರ ರೋಡ್ ಕಾಂಬವ್ರ್ ಯಾರ್? ಹೆಸ್ರ್ ಹೇಳ್. ...ರತ್ನಾಕರಣ್ಣನಾ? ನಿನ್ನ ಹೋಟ್ಲ್ ಪಾಲ್ದಾರ? ...ಎಂತ ಅಂದ್ರ್? ಇನ್ನೊಂದ್ ಸಲ ಹೇಳ್, ಸಮ ಕೇಣ್ಲಿಲ್ಲ. ...ಸೀರಿ ಎತ್ತಿ ಕಟ್ಟಿ ಸೈಕಲ್ ತುಳಿಯೂ ಹೆಣ್ಣ್ ನಮ್ಮ ಮನಿ ಮೆಟ್ಲ್ ಹತ್ತೂದ್ ಬ್ಯಾಡ ಅಂದ್ರಾ? ಅವ್ರ್? ಹಾಂ?”

ಪ್ರಭಾವತಿಗೆ ನಗು ಬಂತು. ಮೈ ಉರಿದು ಬಂದ ನಗು. ನಿನ್ನೆ ಸೀಳಿದ ಅಂಗಾಲಿನಲ್ಲಿ ಅವಳು ಹತ್ತಿದ್ದು ಯಾರ ಮನೆಯ ಮೆಟ್ಟಿಲನ್ನು ಎಂದು ಅಣ್ಣ ಕೇಳಿಯೇ ಇರಲಿಲ್ಲ.

“...ಅಣ್ಣಯ್ಯ, ನಾ ನಿನ್ನೆ ಬಿದ್ದೆದ್ದ್ ಓಡಿದ್ದ್ ಉಪ್ಪುಂದದ ಅವ್ರ ಮನಿಗೇ. ಕುಸುಮಾವತಿ ಹೆರಿಗೆಗೆ. ...ಹೌದ್, ಅವ್ರ ಹೆಂಡ್ತಿಯೇ. ಎಂಟೇ ತಿಂಗ್ಳಿಗೆ ನೋವ್ ಬಂತ್. ಅತ್ತೆಯೇ ಜನ ಕಳ್ಸಿದ್ರ್, ಸೈಕಲ್ ನರ್ಸಮ್ಮನ್ನೇ ಕರ್ಕಂಡ್ ಬನ್ನಿ ಅಂದ್. ...ಅಲ್ಲೇ ಇದ್ರಾ? ದುಡ್ಡಿನ ಗಲ್ಲೆಯಂಗಾ? ಕರಿ. ...ಮೂರ್ ನಿಮಿಷ ಆಪುಕಾಯ್ತ್, ಬೇಗ ಕರಿ!”

ಟ್ರಂಕ್ ಕಾಲಿನ ಮೂರು ನಿಮಿಷ ಮುಗಿಯಿತೆಂದು ಶೇಖರ ಗಡಿಯಾರದತ್ತ ಬೆರಳು ತೋರಿಸಿದ. ಅವಳು ಇನ್ನೂ ಮೂರು ನಿಮಿಷ ಬೇಕೆಂದು ಕೈಸನ್ನೆ ಮಾಡಿದಳು.

“...ಹ್ವಾಯ್, ರತ್ನಾಕರಣ್ಣನಾ? ನಾ ಸೈಕಲಿನವ್ಳ್. ...ಹೌದ್, ಹೆರಿಗೆ ಆಯ್ತ್, ನಿನ್ನೆ ಮಧ್ಯಾಹ್ನ. ...ಗಂಡಾ ಹೆಣ್ಣಾ? ಅದಾ ಮೊದ್ಲ್ ಕೇಂಬುದ್? ...ಮತ್ತೂ ಅದೇ! ಹೆಂಡ್ತಿ ಹ್ಯಾಂಗಿದ್ಲ್ ಕೇಣಿ, ಆಮೇಲೆ ಹೇಳ್ತೆ. ...ಜೋರ್ ಕೇಣಿ, ಹೋಟ್ಲಂಗಿದ್ದವ್ರಿಗೆಲ್ಲ ಕೇಣ್ಲಿ.”

ಹೆಂಡತಿ ಹೇಗಿದ್ದಾಳೆ ಎಂದು ರತ್ನಾಕರ ಕೇಳಿದ. ಮೊದಲು ಸಣ್ಣ ದನಿಯಲ್ಲಿ, ಆಮೇಲೆ ಜೋರಾಗಿ.

“...ಹಾಂ, ಈಗ ಸಮ. ಬದ್ಕಿದ್ಲ್. ರಕ್ತ ನಿಲ್ತಿರ್ಲಿಲ್ಲ. ಬಿದ್ದಲ್ಲೇ ಅರ್ಧ ಗಂಟೆ ಕೂಕಂಡಿದ್ರೆ ನೀವ್ ಈಗ ಬೇರೆ ಸುದ್ದಿ ಕೇಂತಿದ್ರಿ. ಇವತ್ತ್ ಬೆಳಿಗ್ಗೆ ಗಂಜಿ ಉಂಡ್ಲ್. ...ಮರ್ಕಬೇಡಿ ಮಾರ್ರೆ, ಕಣ್ಣೀರಂಗೆ ನಿಮಿಷ ಹೋತ್ತ್. ...ನಂಗಾ? ನಂಗೆಂತ ಕೊಡ್ತ್ರಿ ನೀವ್?”

“...ಶೂವಾ! ಹಾಂಗಾರೆ ಬರ್ಕಣಿ, ನಮ್ಮ ಅಣ್ಣಯ್ಯನ ಕೈಗೆ ಬಿಡ್ಬೇಡಿ. ಅಟ್ಟೆ ದಪ್ಪ ಇರ್ಕ್, ತುಳಿವಾಗ ಮಡಚೂಕಾಗ. ಅಡಿಗೆ ರಬ್ಬರ್, ತಗಡ್ ಬ್ಯಾಡ. ಅಂಟ್ ಹಚ್ಚಿದ್ದ್ ಬ್ಯಾಡ, ನಮ್ಮ ಉಪ್ಪು ನೀರಿಗೆ ಬಿಡತ್ತ್, ಹೊಲಿಗಿಯೇ ಇರ್ಕ್. ಬೆರಳ್ ಅಗಲ ಮಾಡೂಕೆ ಜಾಗ ಇರ್ಕ್. ಲೇಸ್ ಚೈನಿಗೆ ಸಿಕ್ಕತ್ತ್, ಬಕಲ್ ಇದ್ದದ್ದ್ ಕಾಣಿ. ...ಅಳತಿ ಕಾಗ್ದದ ಮೇಲೆ ಗೀಟ್ ಹಾಕಿ ಕಳಿಸ್ತೆ. ಅದಕ್ಕೂ ಮೊದ್ಲ್ ನಿಮ್ಮ ಅಳತೀದ್ ಒಂದ್ ಹಾಯ್ಕಂಡ್ ಐದ್ ಮೈಲಿ ತುಳ್ದ್ ಕಾಣಿ. ಪಂಚೆ ಎತ್ತಿ ಕಟ್ಕಣಿ, ಯಾರೂ ನಗ್ಯಾಡೂದಿಲ್ಲ.”

“...ಮಗುವಾ? ಹೆಣ್ಣ್. ...ಹೆಣ್ಣ್ ಮಾರ್ರೆ, ಹೆಣ್ಣ್! ಸಣ್ಣದ್, ಆದ್ರೆ ಗಂಟ್ಲ್ ಗಟ್ಟಿ ಇತ್ತ್. ...ಕೇಣಿ, ಎಂಟ್ ವರ್ಷ ಆಗ್ಲಿ ಅದಕ್ಕೆ, ಸೈಕಲ್ ನಾನೇ ಕಲಿಸ್ತೆ. ನಿಮ್ಮ ಮನಿ ಅಂಗ್ಳದಂಗೇ, ನಿಮ್ಮ ಎದ್ರಿಗೇ...”

ಮತ್ತಿನ ಮೂರು ನಿಮಿಷವೂ ಮುಗಿದು, ಟಕ್ ಎಂದು ಲೈನು ಕಡಿಯಿತು.