ಎರಡು ಔಷಧಿ ಕ್ಯಾನು

…ಅಲ್ಲ ಸುಪ್ರೀತಾ, ಅಳೋದಿದ್ರೆ ಅತ್ತು ಮುಗಿಸು, ಆಮೇಲೆ ಸೈನ್ ಹಾಕು. ನಿನ್ನ ಗಂಡ ಸತ್ತು ಹದಿನಾಲ್ಕು ದಿನ ಆಯ್ತು. ವೈಕುಂಠ ಸಮಾರಾಧನೆಯೂ ನಿನ್ನೆ ಮುಗೀತು. ಪೊಲೀಸರು ಇನ್ನೆಷ್ಟು ಕಾಯ್ತಾರೆ? ಭಾವ ಅಂತ ನಾನೊಬ್ಬ ಓಡಾಡ್ತಿರೋದಕ್ಕೆ ಇಷ್ಟಾದ್ರೂ ನಡೀತಿದೆ, ತಿಳ್ಕೊ.

ಎಂತ ಇಲ್ಲ, ಮೂರೇ ಸಾಲು. ಕಶ್ಯಪ ಲಾಯರು ಕಂಪ್ಯೂಟರಲ್ಲಿ ಹೊಡೆಸಿ ಕೊಟ್ಟದ್ದು. 'ವಿಮಾನ ಕಟ್ಟಿದ್ದು ನನ್ನ ಗಂಡ ಶಿವಕಿರಣ. ಹೆಚ್ಚಿನ ಪೆಟ್ರೋಲಿಗೆ ಅಂತ ಸೀಟಿನ ಹಿಂದೆ ಎರಡು ಕ್ಯಾನ್ ಕಟ್ಟಿದ್ದೂ ಅವರೇ. ಬೇರೆ ಯಾರೂ ಮುಟ್ಟಿಲ್ಲ.' ಅಷ್ಟೆ! ಹಾಗೆಂತಕ್ಕೆ ನೋಡ್ತೀಯ? ಸುಳ್ಳಾ ಅದು?

ಅದರದ್ದೇ ಸಣ್ಣ ಟ್ಯಾಂಕ್ ಇತ್ತಲ್ಲ, ಅರ್ಧ ಗಂಟೆ ಹಾರ್ತಿತ್ತು. ಕೊಪ್ಪದ ಮೈದಾನದ ಮೇಲೆ ನಾಲ್ಕು ಸುತ್ತು ಹೊಡೆದು ಇಳಿದಿದ್ರೆ ಗಂಟೇನು ಹೋಗ್ತಿತ್ತು? ಇಲ್ಲ! ಶೃಂಗೇರಿ ನೋಡ್ಬೇಕು, ಅಲ್ಲಿಂದ ನರಸಿಂಹರಾಜಪುರ, ಭದ್ರಾ ಹಿನ್ನೀರಿನ ಮೇಲೆ ಒಂದು ರೌಂಡು, ಎಲ್ಲೂ ಇಳೀದೆ ವಾಪಸ್ಸು! ಪೆಟ್ರೋಲ್ ಒಯ್ದದ್ದು ಎಂತದ್ರಲ್ಲಿ? ಅಡಿಕೆಗೆ ಔಷಧಿ ಹೊಡಿಯೋ ಕ್ಯಾನಲ್ಲಿ! ಮೈಲುತುತ್ತ, ಸುಣ್ಣ ಕಲಸಿದ ಕ್ಯಾನು. ತಳದಲ್ಲಿ ಚಕ್ಕೆ ಕಟ್ಟಿರುತ್ತೆ ಅಂತ ಕೆಲಸದ ಐತನಿಗೂ ಗೊತ್ತು. ಎಂಜಿನಿಯರಿಂಗ್ ಓದಿದವನಿಗೆ ಗೊತ್ತಿಲ್ಲ!

ಶೃಂಗೇರಿ ಮುಗಿಸಿ ಸೀತೂರಿನ ಮೇಲೆ ಬರುವಾಗ ಸಣ್ಣ ಟ್ಯಾಂಕ್ ಖಾಲಿ. ಕ್ಯಾನಿನ ನಲ್ಲಿ ತಿರುಗಿಸಿದ್ದಾನೆ… ಎಂಜಿನ್ ಎರಡು ಸಲ ಕೆಮ್ಮಿ ನಿಂತಿತಂತೆ, ವಿಮಾನ ಬಿತ್ತು, ಮುಗೀತು. ಮೆಕ್ಯಾನಿಕ್ ದೇವಪ್ಪ ಪೊಲೀಸರ ಎದುರೇ ಫಿಲ್ಟರ್ ಬಿಚ್ಚಿದ. ನೀಲಿ ಸುಣ್ಣ! ತುಂಬಾ! ಎರಡು ಕ್ಯಾನ್ ತೊಳೀಲಿಕ್ಕೆ ಪುರುಸೊತ್ತಿಲ್ಲ ಪುಣ್ಯಾತ್ಮನಿಗೆ.

ಎಂತಕ್ಕೆ ನಗ್ತೀಯ? ಈಗಷ್ಟೇ ಅಳ್ತಿದ್ದವಳು… ನಗು, ನಗು! ಮದುವೆಯಾಗಿ ಆರು ವರ್ಷ, ಒಂದು ಕೂಸಿಲ್ಲ. ಗಂಡನ ಜೊತೆ ರೆಕ್ಕೆಗೆ ಬಟ್ಟೆ ಹೊಲೀತಾ ಕೂತಿದ್ದಿ. ಈಗ ಎಂತ ಉಳೀತು? ಹೊಲಿಗೆ ಮಿಷನ್ನು!

ಊರಲ್ಲಿ ನಾನು ಸಚ್ಚಿದಾನಂದ ಅಂದ್ರೆ ತಲೆ ಕೆರ್ಕೊಳ್ತಾರೆ, ಗೊತ್ತಾ? 'ಓ, ವಿಮಾನದ ಶಿವಕಿರಣನ ಅಣ್ಣನಾ?' ಅಣ್ಣ! ಹುಟ್ಟಿದ್ದು ನಾನು ಮೊದಲು, ಮಾರಾಯ್ತಿ! ಹೊಟ್ಟೆ ಉರೀತಿತ್ತು, ಹೌದು. ಹೊಟ್ಟೆ ಉರಿದ್ರೆ ಕೇಸು ಹಾಕ್ತಾರಾ?

ಎಲ್ಲಿಗೆ ಎದ್ದೆ? ಪೆನ್ ಇಲ್ಲೇ ಇದೆ… ಏ, ಬಚ್ಚಲಿಗೆಂತಕ್ಕೆ ಈಗ?

ಎಂತ ಇದು? ಕ್ಯಾನು. ಆಯ್ತು, ಕ್ಯಾನು. ಯಾರ ಮನೇಲಿಲ್ಲ? ಒಳಗೆ ನೋಡ್ಬೇಕಾ? ನೋಡಿದೆ… ಚಕ್ಕೆ ಇಲ್ಲ. ಹುಣಸೆಹುಳಿ ಹಾಕಿ ತಿಕ್ಕಿದ್ದೀಯ. ಹೆಂಗಸರಿಗೆ ಅಷ್ಟಾದ್ರೂ… ಇನ್ನೊಂದೂ ಇದ್ಯಾ?

ಇದು… ಇದು ಅವನ ಅಕ್ಷರ. 'ಎಡ'. 'ಬಲ'. ಸೀಟಿನ ಹಿಂದೆ ಕಟ್ಲಿಕ್ಕೆ ಅಂತ ಬರೆದಿಟ್ಟದ್ದು…

ಒದ್ದೆ ಇತ್ತು! ಆವತ್ತು ಬೆಳಿಗ್ಗೆ ಒಳಗೆ ಇನ್ನೂ ಒದ್ದೆ ಇತ್ತು, ಪೆಟ್ರೋಲಿಗೆ ನೀರು ಸೇರ್ಬಾರದಲ್ಲ, ಅದಕ್ಕೆ ನಾನು… ನಮ್ಮ ಶೆಡ್ಡಲ್ಲಿದ್ದ ಎರಡನ್ನು ತಂದು… ಒಳ್ಳೇದಕ್ಕೇ ಸುಪ್ರೀತಾ! 'ಅಣ್ಣ, ತೊಳೆದದ್ದಾ?' ಅಂತ ಕೇಳಿದ. ಹ್ಞೂಂ ಅಂದೆ. ಅಣ್ಣ ಹೇಳಿದ ಅಂತ ಬಗ್ಗಿ ನೋಡ್ಲೂ ಇಲ್ಲ.

ಎಂತ? ಬಿಸಿಲಲ್ಲಿ ಒಣಗಿಸಿದ್ದಾ? ಬೈ. ಉಗಿ. ಕ್ಯಾನನ್ನು ಹೀಗೆ ನನ್ನ ಮುಖಕ್ಕೆ ಹಿಡೀಬೇಡ…

ಒಣಗಿತ್ತು. ಸಾಕಾ? ಎರಡೂ ಒಣಗಿತ್ತು. ಅಷ್ಟು ಜನರ ಎದುರಿಗೆ ಎಂಜಿನ್ ನೆಲದ ಮೇಲೇ ಕೆಮ್ಮಿ ನಿಲ್ಲಲಿ, ಒಂದೇ ಒಂದು ಸಲ ಊರು ಅವನನ್ನು ನೋಡಿ ನಗಲಿ ಅಂತ… ಕ್ಯಾನಿನ ಪೆಟ್ರೋಲಲ್ಲೇ ಶುರು ಮಾಡ್ತಾನೆ ಅಂದ್ಕೊಂಡಿದ್ದೆ. ಮೊದಲು ಸಣ್ಣ ಟ್ಯಾಂಕಲ್ಲಿ ಹೋಗ್ತಾನೆ ಅಂತ ಯಾರಿಗೆ ಗೊತ್ತಿತ್ತು? ನೋಡ್ತಾ ನೋಡ್ತಾ ವಿಮಾನ ಮೇಲೆದ್ದೇ ಹೋಯ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ರು…

ನಾನೂ ತಟ್ಟಿದೆ.