ತೊಟ್ಟಿಲಿಗೆ ಹಾಕಿದ ಕಲ್ಲು

ಕೊನೆಯ ಬಸ್ಸು ಅಮೃತೇಶನನ್ನು ದೇವನೂರಿನ ಈಚೆ, ಕೈಮರದ ಹತ್ತಿರ ಇಳಿಸಿ ಹೋಯಿತು. ಅಲ್ಲಿಂದ ನಮ್ಮೂರಿಗೆ ನಡೆದೇ ಬರಬೇಕು. ದಾರಿಯಲ್ಲಿ ನರಪಿಳ್ಳೆ ಇರಲಿಲ್ಲ. ಅವನ ತಲೆಯ ಮೇಲೆ ಟವೆಲ್ಲಿನ ಸಿಂಬೆ, ಸಿಂಬೆಯ ಮೇಲೆ ಹೊಸ ಮರದ ತೊಟ್ಟಿಲು. ತೊಟ್ಟಿಲಿನ ಸರಪಳಿಗಳನ್ನು ಸುತ್ತಿ ಒಳಗೇ ಇಟ್ಟಿದ್ದ. ಹೆಜ್ಜೆಗೊಂದು ಸಲ ಅವು ಝಲ್... ಝಲ್... ಅನ್ನುತ್ತಿದ್ದವು.

ಇದು ತೊಂಬತ್ತೆಂಟರ ಮಾತು. ಶಿವರಾತ್ರಿ ಇನ್ನೂ ಬಂದಿರಲಿಲ್ಲ, ಚಳಿ ಬಿಟ್ಟಿರಲಿಲ್ಲ. ಅಮೃತೇಶ ಅಂದರೆ ನಮ್ಮ ಪಕ್ಕದ ಮನೆಯವನು, ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಅವತ್ತು ರಜಾ ಹಾಕಿ ತಿ. ನರಸೀಪುರದ ಬಡಗಿಯ ಹತ್ತಿರ ಹೋಗಿದ್ದ. ಬಸ್ಸಿನಲ್ಲಿ ತೊಟ್ಟಿಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಕಂಡಕ್ಟರ್ ತಮಾಷೆ ಮಾಡಿದ್ದನಂತೆ. "ಒಳಗೆ ಮಲಗಿರೋರಿಗೆ ಅರ್ಧ ಟಿಕೆಟ್ ತಗೋಬೇಕು ಸಾ." ಬಸ್ಸಿಗೆ ಬಸ್ಸೇ ನಕ್ಕಿತ್ತು. ಅಮೃತೇಶನೂ ನಕ್ಕಿದ್ದ.

ಈಗ ನಗು ಬರುತ್ತಿರಲಿಲ್ಲ. ಮುಂದೆ ಹಳೇ ಬಾವಿ, ಬಾವಿಯ ಪಕ್ಕ ಆಲದ ಮರ. ಆ ಜಾಗದಲ್ಲಿ ಅವನು ಹಗಲು ಹೊತ್ತಿನಲ್ಲೂ ನಿಲ್ಲುತ್ತಿರಲಿಲ್ಲ. ಅದಕ್ಕೆ ಕಾರಣ ಇತ್ತು. ಬೇಗ ಬೇಗ ಹೆಜ್ಜೆ ಹಾಕಿದ.

"ಯಾರ್ಲಾ ಅದು?"

ಬ್ಯಾಟರಿ ಬೆಳಕು ಮುಖಕ್ಕೆ ಬಿತ್ತು. ನಮ್ಮೂರಿನ ಕೆಂಪಯ್ಯ. ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಹೊತ್ತೇ ಬರುತ್ತಿದ್ದ ಕಾಲ ಅದು. ಗದ್ದೆಗೆ ನೀರು ಕಟ್ಟಿ ವಾಪಸು ಬರುತ್ತಿದ್ದರು.

"ನಾನು ಕೆಂಪಯ್ಯಣ್ಣ, ಅಮೃತೇಶ."

ಕೆಂಪಯ್ಯ ತೊಟ್ಟಿಲ ಕಡೆ ಬೆಳಕು ಬಿಟ್ಟರು. ದನಿ ತಗ್ಗಿಸಿದರು.

"ಬರೀ ತೊಟ್ಲು ಒತ್ಕಂಡು ಈ ಒತ್ನಲ್ಲಿ ಇಲ್ಲಿ ಬತ್ತಿದ್ದೀಯಲ್ಲಾ... ಬುದ್ದಿ ಅದಾ? ಒಂದು ಕಲ್ನಾದ್ರೂ ಆಕೋ ಅದ್ರೊಳಕ್ಕೆ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಬರೀ ತೊಟ್ಟಿಲನ್ನು ತೂಗುವುದಿಲ್ಲ. ನಾಮಕರಣದ ದಿನ ಒರಳಿನ ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ನೀರು ಹುಯ್ದು, ಬಟ್ಟೆ ಸುತ್ತಿ, ಮೊದಲು ಅದನ್ನು ತೊಟ್ಟಿಲಲ್ಲಿ ಮಲಗಿಸುತ್ತಾರೆ. ಆಮೇಲೆ ಕೂಸು. ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ. ಖಾಲಿ ತೊಟ್ಟಿಲು ಅಲ್ಲಾಡಿದರೆ ಖಾಲಿ ಜಾಗವನ್ನು ಯಾರೋ ನೋಡಿದ ಹಾಗೆ ಅಂತ ಹಿರಿಯರು ಹೇಳುತ್ತಾರೆ.

ಅಮೃತೇಶ ಇದನ್ನೆಲ್ಲ ಅಷ್ಟಾಗಿ ನಂಬುವವನಲ್ಲ. ಆದರೂ ಆ ಕತ್ತಲಲ್ಲಿ, ಆ ಜಾಗದಲ್ಲಿ... ತೊಟ್ಟಿಲು ಇಳಿಸಿದ. ಆಲದ ಬೇರುಗಳ ನಡುವೆ ಕೈಯಾಡಿಸಿದ. ಬೊಗಸೆ ತುಂಬುವಂಥ ಒಂದು ಗುಂಡನೆಯ ಕಲ್ಲು ಸಿಕ್ಕಿತು. ಅರ್ಧ ಮಣ್ಣಿನಲ್ಲಿ ಹೂತಿತ್ತು. ಕಿತ್ತಾಗ ಪಚಕ್ ಅಂತ ಸದ್ದಾಯಿತು. ಅದನ್ನು ತೊಟ್ಟಿಲೊಳಗಿಟ್ಟು ಹೊತ್ತುಕೊಂಡ.

ಬಾವಿ ದಾಟಿದ ಮೇಲೆ ಅವನಿಗೆ ಒಂದು ವಿಷಯ ಹೊಳೆಯಿತು. ಸರಪಳಿ ಸದ್ದು ನಿಂತುಹೋಗಿತ್ತು. ಹೆಜ್ಜೆ ಹಾಕಿದರೂ ಝಲ್ ಅನ್ನುತ್ತಿರಲಿಲ್ಲ. ಯಾರೋ ಹಿಡಿದುಕೊಂಡ ಹಾಗೆ.

ಮನೆಯಲ್ಲಿ ಅವನ ಹೆಂಡತಿ ಮಧುಶ್ರೀಗೆ ಏಳು ತುಂಬಿ ಎಂಟು. ತವರು ಬನ್ನೂರು. ಬಸ್ಸಿನ ಕುಲುಕಾಟ ಬೇಡ, ಮಂಚ ಬಿಟ್ಟು ಏಳಬಾರದು ಅಂತ ಡಾಕ್ಟರು ಹೇಳಿದ್ದರಿಂದ ತವರಿಗೂ ಕಳಿಸಿರಲಿಲ್ಲ. ಹಾಗೆ ಹೇಳುವುದಕ್ಕೂ ಕಾರಣ ಇತ್ತು. ಮೊದಲನೆಯ ಬಸಿರು ಮೂರು ತಿಂಗಳಿಗೇ ಇಳಿದುಹೋಗಿತ್ತು. ಎರಡನೆಯದು ದಿನ ತುಂಬುವ ಮೊದಲೇ ಹುಟ್ಟಿತು, ಅಳಲೇ ಇಲ್ಲ. ಇದು ಮೂರನೆಯದು. ಇದೂ ನಿಲ್ಲದಿದ್ದರೆ ಇನ್ನು ಆಸೆ ಬಿಡಿ ಅಂತ ಡಾಕ್ಟರು ಅಮೃತೇಶನನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಹುಟ್ಟುವ ಮೊದಲು ಕೂಸಿಗೆ ಒಂದು ಎಳೆ ನೂಲೂ ತರಬಾರದು ಅನ್ನುವುದು ಅವನ ತಾಯಿ ಸಿದ್ದಲಿಂಗಮ್ಮನವರ ಕಟ್ಟು. ಹುಟ್ಟಿದ ಮೇಲೆ ಹಳೇ ಸೀರೆಯಲ್ಲಿ ಸುತ್ತಿದರೆ ಸಾಕು, ಮಿಕ್ಕಿದ್ದೆಲ್ಲ ಆಮೇಲೆ. ಊರಿನಲ್ಲೆಲ್ಲ ಹಾಗೇ. ಆದರೆ ಈ ಸಲ ಮಧುಶ್ರೀ ಹಟ ಹಿಡಿದಿದ್ದಳು.

"ಎರಡು ಸಲ ಏನೂ ತರದೆ ಇದ್ವಲ್ಲ ಅತ್ತೆ, ಏನಾಯ್ತು? ಬಂದು ನೋಡ್ತು. ತನಗೆ ಅಂತ ಈ ಮನೇಲಿ ಒಂದು ಬಟ್ಟೆ ಚೂರೂ ಇಟ್ಟಿಲ್ಲ. ಹೊರಟೋಯ್ತು."

ಸಿದ್ದಲಿಂಗಮ್ಮ ಆಮೇಲೆ ಗೊಣಗಿದ್ದೆಲ್ಲ ಅಡುಗೆಮನೆಯಲ್ಲಿ, ಪಾತ್ರೆಗಳ ಹತ್ತಿರ.

ರಾಗಿ ಮೂಟೆ ಇಡುತ್ತಿದ್ದ ಕೋಣೆಯನ್ನು ಅಮೃತೇಶ ಖಾಲಿ ಮಾಡಿದ. ತಿಳಿನೀಲಿ ಡಿಸ್ಟೆಂಪರ್ ಬಳಿದ. ಬೆಳ್ಳಿ ಕಾಗದದಲ್ಲಿ ನಕ್ಷತ್ರ ಕತ್ತರಿಸಿ ಮೈದಾ ಅಂಟಿನಲ್ಲಿ ಗೋಡೆಗೆ ಹಚ್ಚಿದ. ಸೊಳ್ಳೆ ಬರದಂತೆ ಕಿಟಕಿಗೆ ಜಾಲರಿ ಹೊಡೆದ. ಮಧುಶ್ರೀಯ ಮಂಚವನ್ನೂ ಅಲ್ಲಿಗೇ ತಂದ. ಅವಳು ಮಲಗಿದ್ದಲ್ಲೇ ಸಾಸಿವೆ ತುಂಬಿ ಸಣ್ಣ ದಿಂಬು ಹೊಲಿದಳು, ಕೂಸಿನ ತಲೆ ಗುಂಡಗೆ ಬರಲಿ ಅಂತ. ಬಾಕಿ ಇದ್ದದ್ದು ತೊಟ್ಟಿಲೊಂದೇ.

ಅದನ್ನೂ ಅವತ್ತು ರಾತ್ರಿಯೇ ತೊಲೆಯ ಕೊಂಡಿಗೆ ನೇತುಹಾಕಿದ. ಒಳಗೆ ಹಳೇ ಪಂಚೆ ಹಾಸಿದ. ಅದರ ಮೇಲೆ ಕಲ್ಲು.

"ಕಲ್ಯಾಕ್ರೀ?"

"ಬರೀ ತೊಟ್ಟಿಲು ನೇತಾಕ್ಬಾರ್ದಂತೆ."

ಬಾಗಿಲಲ್ಲಿ ನಿಂತಿದ್ದ ಸಿದ್ದಲಿಂಗಮ್ಮ, "ಸದ್ಯ, ಅಷ್ಟಾದ್ರೂ ಬುದ್ದಿ ಬಂತಲ್ಲ ನನ್ನ ಮಗನ್ಗೆ" ಅಂದರು.

ದೀಪ ಆರಿಸಿದ ಸ್ವಲ್ಪ ಹೊತ್ತಿಗೆ ಶುರುವಾಯಿತು.

ಕಿರ್ರ್... ಟಕ್.

ಕಿರ್ರ್... ಟಕ್.

ಕಬ್ಬಿಣದ ಕೊಂಡಿಯಲ್ಲಿ ಸರಪಳಿ ಉಜ್ಜುವ ಸದ್ದು. ಕಿಟಕಿ ಮುಚ್ಚಿತ್ತು, ಗಾಳಿ ಇರಲಿಲ್ಲ. ಇಲಿ ಇರಬೇಕು ಅಂದುಕೊಂಡ ಅಮೃತೇಶ. ಆದರೆ ಇಲಿ ಇಷ್ಟು ಸಮನಾಗಿ ತೂಗುವುದಿಲ್ಲ. ಎದ್ದು ಕೂತ. ಕತ್ತಲಲ್ಲಿ ಮಧುಶ್ರೀಯ ಕೈ ಅವನ ತೋಳು ಹಿಡಿಯಿತು.

"ಶ್... ಸುಮ್ನಿರಿ. ಮಲಗ್ತಾ ಅದೆ."

ಅವಳು ನಿದ್ದೆಗಣ್ಣಿನಲ್ಲಿ ಹೇಳಿದಳೋ, ಎಚ್ಚರದಲ್ಲೋ, ಅವನಿಗೆ ಗೊತ್ತಾಗಲಿಲ್ಲ. ಬೆಳಗ್ಗೆ ಕೇಳುವುದಕ್ಕೂ ಧೈರ್ಯ ಬರಲಿಲ್ಲ.

ಮಾರನೆಯ ರಾತ್ರಿಯೂ ಅದೇ. ಸದ್ದಿನ ಜೊತೆಗೆ ಇನ್ನೊಂದು ಸದ್ದು... ಚಪ್, ಚಪ್, ಚಪ್. ಬೆರಳು ಚೀಪುವಾಗ ಬರುತ್ತದಲ್ಲ, ಹಾಗೆ. ಆಮೇಲೆ ಹಗಲಲ್ಲೂ ತೊಟ್ಟಿಲು ಅಲ್ಲಾಡತೊಡಗಿತು. ಮಧುಶ್ರೀ ಹೆದರಲಿಲ್ಲ. ಅದರ ಕಡೆಗೇ ಮುಖ ಮಾಡಿ ಮಲಗುತ್ತಿದ್ದಳು. ಒಂದು ಮಧ್ಯಾಹ್ನ ಮಾತ್ರ ಅವಳ ಮುಖ ಸುಣ್ಣವಾಗಿತ್ತು.

"ರೀ, ಇಲ್ಲಿ ಕೈಯಿಡಿ."

ಹೊಟ್ಟೆಯ ಮೇಲೆ ಕೈಯಿಟ್ಟ. ತೊಟ್ಟಿಲು ತೂಗುತ್ತಿತ್ತು. ಹೊಟ್ಟೆ ಸ್ತಬ್ಧ. ತುಂಬ ಹೊತ್ತಿನ ಮೇಲೆ ತೊಟ್ಟಿಲು ನಿಂತಿತು. ಆಗ ಕೈಯಡಿಯಲ್ಲಿ ಒಂದು ಸಣ್ಣ ಮಿಸುಕಾಟ. ಮತ್ತೆ ತೊಟ್ಟಿಲು ಕಿರ್ರ್ ಅಂದಿತು... ಒಳಗಿನದು ಸುಮ್ಮನಾಯಿತು.

"ಅದು ತೂಗಿದಾಗ ಇದು ಅಲ್ಲಾಡೋದಿಲ್ಲ. ದಿನಾ ನೋಡ್ತಿದ್ದೀನಿ. ಇದು ಅಲ್ಲಾಡೋ ಹೊತ್ತೇ ಕಮ್ಮಿ ಆಗ್ತಾ ಅದೆ ಕಣ್ರೀ."

ಸಂಜೆ ನರ್ಸಮ್ಮ ಬಂದು ಹೊಟ್ಟೆಗೆ ಕೊಳವೆಯಿಟ್ಟು ಕೇಳಿದರು. ಎರಡು ಸಲ ಕೇಳಿದರು. "ಎದೆಬಡಿತ ಸಣ್ಣಗಿದೆ. ಬೆಳಗ್ಗೆ ಕಾರು ಮಾಡ್ಕೊಂಡು ಮೈಸೂರಿಗೆ ಹೊರಡಿ" ಅಂದು ಹೋದರು. ಅವರು ಹೊರಗೆ ಚಪ್ಪಲಿ ಮೆಟ್ಟುವ ಮೊದಲೇ ಒಳಗೆ ತೊಟ್ಟಿಲು ತೂಗತೊಡಗಿತ್ತು.

ಆ ರಾತ್ರಿ ಅಮೃತೇಶ ತೊಟ್ಟಿಲನ್ನು ಬಿಚ್ಚಿಬಿಡುವುದು ಅಂತ ತೀರ್ಮಾನ ಮಾಡಿದ. ಬ್ಯಾಟರಿ ಹಿಡಿದು ಹತ್ತಿರ ಹೋದ. ಮೊದಲು ಕಲ್ಲು ತೆಗೆಯಬೇಕಲ್ಲ. ಬೆಳಕು ಬಿಟ್ಟ. ಮೆತ್ತಿದ್ದ ಮಣ್ಣು ಒಣಗಿ ಉದುರಿತ್ತು. ಕಪ್ಪು ಕಲ್ಲು, ನಡುವೆ ಉಡಿದಾರ ಕಟ್ಟಿದ ಹಾಗೆ ಒಂದು ಬಿಳೀ ಗೆರೆ.

ಆ ಕಲ್ಲು ಅವನಿಗೆ ಗೊತ್ತಿತ್ತು.

ನಮ್ಮಲ್ಲಿ ಹೆಸರಿಡುವ ಮುಂಚೆ ಹೋದ ಕೂಸುಗಳನ್ನು ದೊಡ್ಡವರ ಜೊತೆ ಹೂಳುವುದಿಲ್ಲ. ಬೇರೆ ಕಡೆ ಮಣ್ಣು ಮಾಡಿ, ನಾಯಿ ನರಿ ಕೆದಕದಿರಲಿ ಅಂತ ಮೇಲೆ ಒಂದು ಕಲ್ಲಿಡುತ್ತಾರೆ. ಜಾಗ ಎಲ್ಲಿ ಅಂತ ತಾಯಿಗೆ ಹೇಳುವುದಿಲ್ಲ, ಹೋಗಿ ಕೂತುಬಿಡುತ್ತಾಳೆ ಅಂತ. ಎರಡನೆಯ ಕೂಸನ್ನು ಅಮೃತೇಶ ತಾನೇ ಎತ್ತಿಕೊಂಡು ಹೋಗಿದ್ದ. ಬಾವಿಯ ಹತ್ತಿರ, ಆಲದ ಬುಡದಲ್ಲಿ. ಹೊಳೆಯಿಂದ ಆರಿಸಿ ತಂದ ಕಲ್ಲಿಟ್ಟಿದ್ದ. ಮೊನ್ನೆ ಕತ್ತಲಲ್ಲಿ ಮರದ ಇನ್ನೊಂದು ಬದಿ ಅಂದುಕೊಂಡು ಕಿತ್ತದ್ದು ಇದೇ ಕಲ್ಲು.

ಎರಡೂ ಕೈ ಹಾಕಿ ಎತ್ತಲು ಹೋದ.

"ಎತ್ಬೇಡಿ..." ಹಿಂದಿನಿಂದ ಪಿಸುಮಾತು. "ಈಗ ತಾನೇ ಮಲಗದೆ."

ಅವನಿಗೆ ತಡೆಯಲಾಗಲಿಲ್ಲ. ಮಂಚದ ಪಕ್ಕ ನೆಲಕ್ಕೆ ಕೂತು ಎಲ್ಲವನ್ನೂ ಹೇಳಿಬಿಟ್ಟ. ಕೆಂಪಯ್ಯ ಸಿಕ್ಕಿದ್ದು, ಕತ್ತಲಲ್ಲಿ ಕಲ್ಲು ಕಿತ್ತದ್ದು, ಅದು ಯಾರ ಮೇಲಿಟ್ಟ ಕಲ್ಲು ಅನ್ನುವುದು. ಚೀರಿಬಿಡುತ್ತಾಳೆ ಅಂದುಕೊಂಡಿದ್ದ. ಅವಳು ಕೇಳಿದ್ದು ಒಂದೇ.

"ಗಂಡಾ... ಹೆಣ್ಣಾ?"

ಅದನ್ನೂ ಯಾರೂ ಅವಳಿಗೆ ಹೇಳಿರಲಿಲ್ಲ.

"ಗಂಡು."

"ಕೊಡಿ ಇಲ್ಲಿ."

ದಿಂಬಿಗೊರಗಿ ಕೂತಳು. ಅವನು ಕಲ್ಲನ್ನು ಅವಳ ಮಡಿಲಿಗೆ ಕೊಟ್ಟ. ಅದು ಬೆಚ್ಚಗಿತ್ತು ಅಂತ ಅವನು ಇವತ್ತಿಗೂ ಹೇಳುತ್ತಾನೆ. ಸಿದ್ದಲಿಂಗಮ್ಮ ಸೆರಗು ಬಾಯಿಗೊತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಬೈಯಲಿಲ್ಲ. ಒಳಗೆ ಹೋಗಿ ಹರಳೆಣ್ಣೆ ಬಟ್ಟಲು, ಬಿಸಿನೀರು, ಒಂದು ಹಳೇ ಸೀರೆ ತಂದಿಟ್ಟರು.

"ತಲೆಗೆ ಹಚ್ಚವ್ವ ಮೊದ್ಲು" ಅಂದರು, ಅಷ್ಟೇ.

ಮಧುಶ್ರೀ ಕಲ್ಲಿಗೆ ಎಣ್ಣೆ ಹಚ್ಚಿದಳು. ಅತ್ತೆ ನೀರು ಹುಯ್ದರು. ಒರೆಸಿ, ಸೀರೆಯಲ್ಲಿ ಸುತ್ತಿ, ಅವಳು ಅದನ್ನು ಎದೆಗೊತ್ತಿ ಹಿಡಿದಳು. ಆಮೇಲೆ ಬಗ್ಗಿ, ಕಿವಿಯಲ್ಲಿ ಹೇಳುವ ಹಾಗೆ ಹೇಳಿದಳು.

"ನಿಂಗೇನೂ ಇಟ್ಟಿರಲಿಲ್ಲ, ನನ್ನದೇ ತಪ್ಪು ಕಣಪ್ಪ. ಇದಕ್ಕೂ ಸ್ವಲ್ಪ ಜಾಗ ಬಿಡ್ತೀಯಾ, ಮಗ? ಸ್ವಲ್ಪ..."

ಬರಿದಾದ ತೊಟ್ಟಿಲು ಒಂದೇ ಒಂದು ಸಲ ಟಕ್ ಅಂದು ನಿಂತಿತು.

ಬೆಳಕು ಹರಿಯುವ ಮುಂಚೆ ಅಮೃತೇಶ ಕಲ್ಲನ್ನು ತೋಳಲ್ಲಿ ಎತ್ತಿಕೊಂಡು ಹೋಗಿ, ಇದ್ದ ಜಾಗದಲ್ಲೇ ಸೀರೆಯ ಸಮೇತ ಇಟ್ಟು ಬಂದ. ಬಂದವನ ಕೈಯನ್ನು ಮಧುಶ್ರೀ ಹೊಟ್ಟೆಗೆ ಒತ್ತಿಕೊಂಡಳು. ಒಳಗಿನದು ಅಂಗೈಗೆ ತಗಲುವಂತೆ ಒದೆಯಿತು. ಮೈಸೂರಿನಲ್ಲಿ ನೋಡಿದ ಡಾಕ್ಟರು, ಎಲ್ಲ ಸರಿಯಾಗಿದೆ, ಸುಮ್ಮನೆ ಗಾಬರಿ ಬಿದ್ದಿದ್ದೀರಿ ಅಂದರು.

ಯುಗಾದಿ ಕಳೆದು ಹೆಣ್ಣುಮಗು ಹುಟ್ಟಿತು. ಹುಟ್ಟಿದ ತಕ್ಷಣ ಅತ್ತಿತು. ಅದೇ ತೊಟ್ಟಿಲು, ಅದೇ ನೀಲಿ ಕೋಣೆ. ಸದ್ದು ಗಿದ್ದು ಯಾವುದೂ ಇಲ್ಲ. ಹುಡುಗಿ ಈಗ ನಂಜನಗೂಡಿನಲ್ಲಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾಳೆ, ಬೇಕಾದರೆ ತೋರಿಸಬಹುದು.

ಆದರೆ ಒಂದಿದೆ. ಆ ಕೂಸನ್ನು ಎಷ್ಟೇ ಸಲ ತೊಟ್ಟಿಲ ನಡುವೆ ಮಲಗಿಸಿದರೂ, ಬೆಳಗಿನ ಹೊತ್ತಿಗೆ ಒಂದು ಅಂಚಿಗೆ ಸರಿದಿರುತ್ತಿತ್ತು. ಇನ್ನೊಂದು ಪಕ್ಕ ಖಾಲಿ. ಬಟ್ಟೆ ತೆಗೆಯಲು ಹೋದ ಸಿದ್ದಲಿಂಗಮ್ಮ ದಿನಾ ಗೊಣಗುತ್ತಿದ್ದರು. "ಒಂದು ಕೂಸು ಎಲ್ಲಾದ್ರೂ ಎರಡು ಕಡೆ ಉಚ್ಚೆ ಹುಯ್ತದಾ?"

ಮುದುಕಿಗೆ ಕಣ್ಣು ಮಂಜು ಅಂತ ನಾವೂ ನಕ್ಕಿದ್ದೆವು. ಆಮೇಲೆ ಒಂದು ದಿನ ನಮ್ಮವ್ವನೇ ಹೋಗಿ ಕೈಯಿಟ್ಟು ನೋಡಿದರು. ನಮ್ಮವ್ವ ಇಂಥದ್ದರಲ್ಲೆಲ್ಲ ಸುಳ್ಳು ಹೇಳುವವರಲ್ಲ. ಕೂಸು ಮಲಗಿದ್ದ ಕಡೆ ಒದ್ದೆ. ನಡುವೆ ಒಂದು ಅಂಗೈಯಗಲ ಒಣಗಿದ ಬಟ್ಟೆ. ಅದರಾಚೆ, ಯಾರೂ ಮಲಗಿಲ್ಲದ ಕಡೆಯೂ ಒದ್ದೆ. ಆಗ ತಾನೇ ಆದ ಹಾಗೆ, ಬಿಸಿಯಾಗಿತ್ತಂತೆ.