ಗೊಂಬೆಯ ಹೊಟ್ಟೆ ಸೇರಿದ ಮಾತ್ರೆ

ಹಲೋ... ಯಾರು ಮಾತಾಡೋದು? ತಾತನಾ, ಮೊಮ್ಮಗಳಾ?...

ಹಾಂ, ಚಿನಕುರಳಿ! ಮಾವ ಅಲ್ಲ ಕಣೇ, ಸ್ಟೇಷನ್ ಮಾಸ್ಟರ್. ಪ್ರಯಾಣಿಕರ ಗಮನಕ್ಕೆ! ನಾಲಗೆಯಿಂದ ಹೊಟ್ಟೆಗೆ ಹೋಗುವ ಮಾತ್ರೆ ಗಾಡಿ ಹಲ್ಲಿನ ಗೇಟು ದಾಟಿ ಹೊರಡಲಿದೆ... ಕೂಊಊ...

ಗುಳುಕ್! ಕೇಳಿಸ್ತು, ಭೇಷ್! ಅರವತ್ತೊಂದನೇ ಗುಳುಕ್. ಆಫೀಸ್ ಕ್ಯಾಲೆಂಡರಿನಲ್ಲಿ ಟಿಕ್ ಹಾಕ್ದೆ. ಇನ್ನು ಇಪ್ಪತ್ಮೂರೇ...

ಅಕ್ಕಾ? ಯಾಕೆ ಫೋನ್ ಕಿತ್ಕೊಂಡೆ?... ಗೊಂಬೆಗೆ ಏನಾಯ್ತು?... ಹೊಲಿಗೆ ಬಿಚ್ಚಿ? ಒಳಗೆ... ನಾಲ್ಕು ಮಾತ್ರೆನಾ!

ಅಲ್ಲ, ದಿನಾ ಗುಳುಕ್ ಅಂತ ಕೇಳಿಸ್ತಿತ್ತಲ್ಲಾ?... ನಾಲಗೇನ ಅಂಗುಳಿಗೆ ಹೊಡೆದು?... ಹೌದು, ಕಪ್ಪೆ ಸದ್ದು ಕಲಿಸಿದ್ದು ನಾನೇ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮನ್ನ ಅವರಿಗಿಂತ ಚೆನ್ನಾಗಿ ಕೆಮ್ಮಿದೋನು ನಾನು! ನನಗೇ ಐದು ವರ್ಷದ ಪಿಳ್ಳೆ ಪಂಗನಾಮ ಹಾಕ್ತಾ?...

ಸರಿ, ಸರಿ, ನಗಲ್ಲ. ಅಪ್ಪ ಎಲ್ಲಿ?... ಅಳ್ತಿದ್ದಾರಾ? ಕ್ಷಯ ಬಂದಿದ್ದು ಅವರ ತಪ್ಪಾ? ಗುಣ ಆದ್ರಲ್ಲ. ಮೊಮ್ಮಗಳು ಅವರ ಮಗ್ಗುಲಲ್ಲೇ ಮಲಗ್ತಿದ್ಲು, ಕ್ರಿಮಿ ಒಳಗೆ ಸೇರಿದ್ರೂ ತಲೆ ಎತ್ತದೇ ಇರಲಿ ಅಂತ ತಾನೇ ಈ ಮಾತ್ರೆ?...

ಯಾರು, ಪಕ್ಕದ ಮನೆಯಾಕೆನಾ? 'ಗಟ್ಟಿಮುಟ್ಟಾಗಿರೋ ಮಗುಗೆ ಔಷಧಿ ಯಾಕೆ' ಅಂತಾನಾ? ಕಳ್ಳ ಬರೋ ಮುಂಚೆ ಬೀಗ ಹಾಕಬಾರದಾ ಅಂತ ಕೇಳು...

ನರ್ಸಮ್ಮಂಗೆ ಫೋನ್ ಮಾಡಿದ್ಯಾ? ಏನಂದ್ರು?... ಒಂದೇ ದಿನ ಎರಡು ಕೊಡಬಾರದು, ತಪ್ಪಿದ್ದನ್ನ ಕೊನೆಗೆ ಸೇರಿಸಬೇಕು. ಅಬ್ಬಾ, ಬದುಕಿದೆ! ಹೌದು, ಅವರು ಬೈದಿದ್ದು ಕಪ್ಪೆ ಸದ್ದು ಕಲಿಸಿದ ನನಗೇ ಅಂತ ಗೊತ್ತು...

ಇವತ್ತಿನದು ಎಲ್ಲಿ?... ಮುಷ್ಟಿಯಲ್ಲೇ ಇದ್ಯಾ! ಹಾಗಾದ್ರೆ ಅಪ್ಪನ ಕೈಗೆ ಟಾರ್ಚ್ ಕೊಡು. ಟಿಕೆಟ್ ಕಲೆಕ್ಟರ್ ಇನ್ಮೇಲೆ ಅವರೇ. ನಾಲಗೆ ಎತ್ತಿಸಿ, ಕೆನ್ನೆ ಸಂದಿನೂ ನೋಡ್ಲಿ. ನಾನು ಕಾಯ್ತೀನಿ...

ಅಪ್ಪಾ?... ಹೋಯ್ತಾ? ನಿಜವಾಗಿ?... ಬಾಯಿ ಖಾಲಿ! ಕಣ್ಣೊರೆಸ್ಕೊಳ್ಳಿ ಮೊದಲು. ಅವಳ ಕೈಗೆ ಫೋನ್ ಕೊಡಿ...

ಏನೇ ಕಳ್ಳಿ, ಈಗ ನಾನು... ಏನು? 'ಪ್ರಯಾಣಿಕರ ಗಮನಕ್ಕೆ'?... 'ಮಾವನ ಗಾಡಿ... ರದ್ದಾಗಿದೆ'?... 'ಮಾವ... ಗೊಂಬೆ ಹೊಟ್ಟೆ... ಹೊಲಿಯತಕ್ಕದ್ದು'?

ಹ್ಹಹ್ಹಹ್ಹಾ! ನನ್ನ ದನೀನೇ ಕದ್ದಳಲ್ಲಪ್ಪಾ! ಹ್ಹಹ್ಹಾ... ಅಯ್ಯೋ, ಇಲ್ಲಿ ಮ್ಯಾನೇಜರ್ ಎದ್ದು ನಿಂತು ನೋಡ್ತಿದ್ದಾರೆ... ಸಾರ್, ಆ ಕ್ಯಾಲೆಂಡರಿನಲ್ಲಿ ನಾಲ್ಕು ಟಿಕ್ ಅಳಿಸಬೇಕು, ಸ್ವಲ್ಪ ರಬ್ಬರ್... ಹ್ಹಹ್ಹಹ್ಹಾ... ಅಕ್ಕಾ, ಹಿಂದೆ ನಗ್ತಿರೋದು ಅಪ್ಪ ಅಲ್ವಾ? ಅಪ್ಪನೇ ಅಲ್ವಾ? ಹಲೋ?... ಹಲೋ...